ಆಟದ ರೈಲಿಗೆ ಎಂಥ ಕರೆಂಟ್ ಬೇಕು?

ಕೊಪ್ಪಳ ಸ್ಟೇಷನ್ನಿನಲ್ಲಿ ಹಳಿಗಳ ಮೇಲೆ ಎಳೆದಿರುವ ತಂತಿಯನ್ನು ನೀವು ನೋಡಿರಬಹುದು. ಅದರಲ್ಲಿ 25,000 ವೋಲ್ಟ್ ಎ.ಸಿ. ಇರುತ್ತದೆ. ಎಂಜಿನ್ನಿನ ಒಳಗಿರುವ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸುತ್ತದೆ. ಆಟದ ರೈಲಿಗೆ ಮೇಲೆ ತಂತಿ ಇಲ್ಲ. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಇವನ್ನು ಅದಲು ಬದಲು ಮಾಡಿದರೆ ರೈಲು ಹಿಂದಕ್ಕೆ ಓಡುತ್ತದೆ.

ವಿಜ್ಞಾನ ಪ್ರದರ್ಶನಕ್ಕೆ ಅಂತ ನಮ್ಮ ಸೋದರಮಾವ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಿಂದ ಎಚ್.ಒ. ಅಳತೆಯ ರೈಲು ತಂದುಕೊಟ್ಟರು. ಅದರ ಎರಡು ಹಳಿಗಳ ನಡುವೆ 16.5 ಮಿ.ಮೀ. ಕೊಪ್ಪಳದ ಹಳಿಗಳ ನಡುವೆ 1,676 ಮಿ.ಮೀ. ಅಂದ್ರ ಹೆಚ್ಚೂಕಡಿಮೆ ನೂರರಾಗ ಒಂದು ಪಾಲು! ಎಂಜಿನ್ ತಳದಲ್ಲಿ 12 ವೋಲ್ಟ್ ಡಿ.ಸಿ. ಎಂದು ಬರೆದಿತ್ತು. ಕರೆಂಟ್ ಕೊಡುವ ಡಬ್ಬಿ ಮಾತ್ರ ಇರಲಿಲ್ಲ.

ಮೊದಲು ಹಳೇ ಮೊಬೈಲ್ ಚಾರ್ಜರ್ ಹಚ್ಚಿದೆವು. ಅದು 5 ವೋಲ್ಟ್. ರೈಲು ಎಮ್ಮೆ ನಡೆದಂಗ ನಡೀತು. ಚೌಕದ 9 ವೋಲ್ಟ್ ಬ್ಯಾಟರಿಗೆ ಓಡಿತು, ಆದರೆ ಬೇಗ ಸುಸ್ತಾಯಿತು. 1.5 ವೋಲ್ಟಿನ 8 ಶೆಲ್ ಸಾಲಾಗಿ ಜೋಡಿಸಿದರೆ 12 ಆಗುತ್ತದೆ, ಖರ್ಚು ಜಾಸ್ತಿ.

ಪ್ರದರ್ಶನದ ಹಿಂದಿನ ದಿನ ಊರಲ್ಲಿ ಕರೆಂಟ್ ಇರಲಿಲ್ಲ. ಟ್ರ್ಯಾಕ್ಟರ್ ಬ್ಯಾಟರಿನೂ 12 ವೋಲ್ಟೇ ಐತಲ್ಲ ಅಂತ ನಾನು ಯಾರನ್ನೂ ಕೇಳದೆ ಅದನ್ನು ಜೋಡಿಸಿದೆ. ರೈಲು ಚಲೋ ಓಡಿತು. ತಿರುವಿನಲ್ಲಿ ಒಂದು ಬೋಗಿ ಹಳಿ ತಪ್ಪಿ, ಅದರ ಕಬ್ಬಿಣದ ಗಾಲಿ ಎರಡೂ ಹಳಿಗೆ ಅಡ್ಡ ಬಿತ್ತು. ಚಟ್ ಅಂತು! ತಂತಿಯ ಪ್ಲಾಸ್ಟಿಕ್ ಕರಗಿ ನನ್ನ ಬೆರಳಿಗೆ ಬೊಬ್ಬೆ ಬಂತು.

"12 ವೋಲ್ಟೇ ಇತ್ತಲ್ರಿ ಸರ್?" ಅಂತ ಕೇಳಿದೆ. ಸರ್ ಹೇಳಿದರು: ವೋಲ್ಟ್ ಅಂದ್ರ ನೀರು ನಿಂತ ಎತ್ತರ ಇದ್ದಂಗ. ಆಂಪಿಯರ್ ಅಂದ್ರ ಹರಿಯುವ ನೀರು. ಎತ್ತರ ಒಂದೇ ಇದ್ರೂ ನಳದ ನೀರು ಬೇರೆ, ಕೆರೆ ತೂಬಿನ ನೀರು ಬೇರೆ. ನಮ್ಮ ರೈಲಿನ ಮೋಟಾರ್ ಅರ್ಧ ಆಂಪಿಯರ್ ಸಹ ಎಳೆಯುವುದಿಲ್ಲ. ಬ್ಯಾಟರಿ ದೊಡ್ಡದು ಅಂತ ಅದು ಹೆಚ್ಚಿಗೆ ಎಳೆಯುವುದೂ ಇಲ್ಲ. ಆದರೆ ಶಾರ್ಟ್ ಆದಾಗ ಟ್ರ್ಯಾಕ್ಟರ್ ಬ್ಯಾಟರಿ ನೂರಾರು ಆಂಪಿಯರ್ ಸುರಿಯಬಲ್ಲದು. ಭಾರೀ ಎಂಜಿನ್ ಚಾಲೂ ಮಾಡಲಿಕ್ಕೇ ಅದನ್ನು ಮಾಡಿರುತ್ತಾರೆ. ಬ್ಯಾಟರಿ ಹಚ್ಚಲೇಬೇಕಾದರೆ ಪ್ಲಸ್ ತುದಿಯ ಹತ್ತಿರವೇ 1 ಆಂಪಿಯರ್ ಫ್ಯೂಸ್ ಇರಬೇಕು.

ಕೊನೆಗೆ ನಮ್ಮ ಮನೆಯ ಕೆಟ್ಟ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಸಿಕ್ಕಿತು. ಅದರ ಮೇಲೆ ಔಟ್‌ಪುಟ್ 12 ವೋಲ್ಟ್, 1 ಆಂಪಿಯರ್ ಎಂದಿತ್ತು. ಪಕ್ಕದ ಗುರುತನ್ನೂ ನೋಡಬೇಕು. ನೇರ ಗೆರೆ, ಅದರ ಕೆಳಗೆ ಮೂರು ತುಂಡು ಗೆರೆ ಇದ್ದರೆ ಡಿ.ಸಿ. ಹಾವಿನಂಥ ಗೆರೆ ಇದ್ದರೆ ಎ.ಸಿ. ಎ.ಸಿ. ಕೊಟ್ಟರೆ ಈ ಮೋಟಾರ್ ತಿರುಗದೆ ಗುಂಯ್ ಅನ್ನುತ್ತ ಬಿಸಿಯಾಗುತ್ತದೆ. ಅಡಾಪ್ಟರನ್ನು ಮಾತ್ರ ಬಿಚ್ಚಬೇಡಿ, ಒಳಗೆ ಬರುವುದು ಮನೆಯ 230 ವೋಲ್ಟ್.

ಪ್ರದರ್ಶನದ ದಿನ ಮೂರು ಸಲ ಬೋಗಿ ಬಿತ್ತು. ಮೂರು ಸಲವೂ ಅಡಾಪ್ಟರ್ ತಾನೇ ಕರೆಂಟ್ ನಿಲ್ಲಿಸಿತು. ತಂತಿ ಮುಟ್ಟಿ ನೋಡಿದೆ, ತಣ್ಣಗಿತ್ತು.

— 7ನೇ ತರಗತಿ