ಮನೆಯೊಳಗಣ ಬೇಸರಕ್ಕೆ ಕಾಯಕದ ಮದ್ದು

ಕಾಲು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಹಿರಿಯರು ಇಂದು ಓಣಿಗೊಬ್ಬರಾದರೂ ಕಾಣಸಿಗುತ್ತಾರೆ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿರುತ್ತದೆ. ಹೊಲಿಗೆ ಮಾಯ್ದಿರುತ್ತದೆ. ‘ಇನ್ನು ಭಯವಿಲ್ಲ’ವೆಂದು ವೈದ್ಯರು ಮನೆಗೆ ಕಳುಹಿಸಿರುತ್ತಾರೆ. ನಿಜವಾದ ಕಷ್ಟ ಮೊದಲಾಗುವುದು ಅಲ್ಲಿಂದಲೇ. ಹೊಲಕ್ಕೆ ಹೋಗುವಂತಿಲ್ಲ, ಸಂತೆಗೆ ಹೋಗುವಂತಿಲ್ಲ, ಮಠದ ಶಿವಾನುಭವ ಗೋಷ್ಠಿಗೂ ಬರುವಂತಿಲ್ಲ. ಎರಡು ಮೂರು ತಿಂಗಳು ನಾಲ್ಕು ಗೋಡೆಗಳ ನಡುವೆಯೇ ಕಳೆಯಬೇಕು. ಮುರಿದ ಮೂಳೆಯ ನೋವನ್ನು ಸಹಿಸಿದವರೂ ಈ ದಿನಗಳ ಬೇಸರವನ್ನು ಸಹಿಸಲಾರದೆ ಸೊರಗುವುದನ್ನು ನಾವು ಕಂಡಿದ್ದೇವೆ.

ನಮಗೆ ಪರಿಚಿತವಾದ ಒಂದು ಮನೆಯ ಸಂಗತಿಯನ್ನೇ ನೋಡೋಣ. ಎಪ್ಪತ್ತು ದಾಟಿದ ತಾಯಿ ಬಚ್ಚಲಲ್ಲಿ ಬಿದ್ದು ಶಸ್ತ್ರಚಿಕಿತ್ಸೆಗೆ ಒಳಗಾದರು. ಮಕ್ಕಳು, ಸೊಸೆಯಂದಿರು ಬಹಳ ಪ್ರೀತಿಯುಳ್ಳವರು. ಪಡಸಾಲೆಯಲ್ಲಿ ಮಂಚ ಹಾಕಿದರು, ಎದುರಿಗೆ ಟಿ.ವಿ. ಇಟ್ಟರು, ಉಂಡ ತಟ್ಟೆಯನ್ನೂ ಅವರ ಕೈಯಿಂದ ಎತ್ತಗೊಡಲಿಲ್ಲ. ಒಂದು ತಿಂಗಳು ಕಳೆಯುವುದರೊಳಗೆ ಆ ತಾಯಿಯ ಊಟ ಅರ್ಧಕ್ಕಿಳಿಯಿತು. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ‘ನನ್ನಿಂದ ಇನ್ನು ಯಾರಿಗೇನು ಆಗಬೇಕಾಗಿದೆ’ ಎಂಬ ಮಾತು ದಿನಕ್ಕೊಮ್ಮೆಯಾದರೂ ಬರತೊಡಗಿತು. ತಪಾಸಣೆಗೆ ಬಂದ ವೈದ್ಯರು ನೋಡಿದರೆ ಮೂಳೆ ಸರಿಯಾಗಿಯೇ ಕೂಡುತ್ತಿತ್ತು, ತೊಡೆ ಮಾತ್ರ ಕಡ್ಡಿಯಂತಾಗಿತ್ತು. ‘ತಾಯಿ, ಬೆಳಗಿನಿಂದ ಏನು ಮಾಡಿದಿರಿ?’ ಎಂದು ಅವರು ಕೇಳಿದರು. ಆಕೆಯ ಬಳಿ ಉತ್ತರವಿರಲಿಲ್ಲ. ಆ ಮೌನದಲ್ಲಿಯೇ ಕಾಯಿಲೆಯ ಮೂಲವಿತ್ತು.

ವಿಶ್ರಾಂತಿ ಬೇರೆ, ಜಡತೆ ಬೇರೆ

ವಿಶ್ರಾಂತಿಯೆಂದರೆ ದಣಿದ ದೇಹಕ್ಕೆ ಕೊಡುವ ಬಿಡುವು. ದಣಿಯದ ದೇಹಕ್ಕೆ ಕೊಟ್ಟ ಬಿಡುವು ಜಡತೆಯಾಗುತ್ತದೆ. ನಮ್ಮ ಸ್ನಾಯುಗಳು ಬಳಸಿದಷ್ಟು ಕಾಲ ಉಳಿಯುತ್ತವೆ, ಬಳಸದಿದ್ದರೆ ಕರಗುತ್ತವೆ. ವಯಸ್ಸಾದವರಲ್ಲಿ ಈ ಕರಗುವಿಕೆ ತೀರ ಬೇಗ. ಕೆಲವೇ ದಿನ ಹಾಸಿಗೆ ಹಿಡಿದರೂ ತೊಡೆ ಮತ್ತು ಮೀನಖಂಡದ ಬಲ ಕುಗ್ಗುತ್ತದೆ, ಅದನ್ನು ಮರಳಿ ಪಡೆಯಲು ಹಲವು ವಾರಗಳೇ ಬೇಕು. ಬಲ ಕುಗ್ಗಿದವರು ಎದ್ದಾಗ ತೂರಾಡುತ್ತಾರೆ. ಒಮ್ಮೆ ಬಿದ್ದವರು ಮತ್ತೊಮ್ಮೆ ಬೀಳುವುದು ಹೀಗೆಯೇ.

ಚಲನೆಯಿಲ್ಲದ ಕಾಲಿನಲ್ಲಿ ರಕ್ತದ ಹರಿವು ನಿಧಾನವಾಗಿ ಒಳನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯವುಂಟು. ಒಂದೇ ಮಗ್ಗುಲಲ್ಲಿ ಮಲಗಿದರೆ ಚರ್ಮ ಒತ್ತಿ ಹುಣ್ಣಾಗುತ್ತದೆ. ಕರುಳಿನ ಚಲನೆ ಮಂದವಾಗಿ ಮಲಬದ್ಧತೆ ಬರುತ್ತದೆ. ಇವೆಲ್ಲವೂ ದೇಹಕ್ಕೆ ಸಂಬಂಧಿಸಿದ ಮಾತಾಯಿತು. ಬೇಸರ ಇವುಗಳೊಡನೆ ಕೈಜೋಡಿಸುತ್ತದೆ. ಬೇಸರವಾದವರು ಏಳಲೊಲ್ಲರು. ಏಳದಿದ್ದುದರಿಂದ ಬಲ ಕುಗ್ಗುತ್ತದೆ. ಬಲ ಕುಗ್ಗಿದ್ದರಿಂದ ಇನ್ನಷ್ಟು ಬೇಸರ. ಈ ಸುಳಿಯಿಂದ ಹೊರಬರುವ ದಾರಿ ಯಾವುದು?

ಮನಸ್ಸು ಹಗುರಾದ ಮೇಲೆ ಕೆಲಸ ಮಾಡೋಣವೆಂದು ಸಾಮಾನ್ಯವಾಗಿ ನಾವು ಎಣಿಸುತ್ತೇವೆ. ಮನೋವೈದ್ಯರ ಅನುಭವ ಇದಕ್ಕೆ ವ್ಯತಿರಿಕ್ತವಾಗಿದೆ. ಸಣ್ಣದೊಂದು ಕೆಲಸವನ್ನು ಮೊದಲು ಕೈಗೆತ್ತಿಕೊಂಡರೆ ಮನಸ್ಸು ಅದರ ಹಿಂದೆ ತಾನಾಗಿ ನಡೆದುಬರುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲಿ ಈ ಕ್ರಮವನ್ನು ಇಂದು ವಿಧಿಪೂರ್ವಕವಾಗಿ ಬಳಸುತ್ತಾರೆ. ಮನಸ್ಸು ಬರುವವರೆಗೆ ಕಾಯುತ್ತ ಕುಳಿತವರಿಗೆ ಅದು ಬರುವುದೇ ಇಲ್ಲ.

ಕುಳಿತಲ್ಲಿಯೂ ಕಾಯಕವುಂಟು

ಕಾಯಕವೆಂದೊಡನೆ ನೇಗಿಲು, ಮಗ್ಗ, ಅಂಗಡಿಗಳೇ ನಮ್ಮ ಕಣ್ಣೆದುರು ಬರುತ್ತವೆ. ಆದರೆ ಹನ್ನೆರಡನೆಯ ಶತಮಾನದ ಶರಣರ ಕಾಯಕಗಳನ್ನು ನೆನೆದು ನೋಡಿ. ನುಲಿಯ ಚಂದಯ್ಯನವರು ಹುಲ್ಲಿನಿಂದ ಹಗ್ಗ ಹೊಸೆದರು. ಕದಿರ ರೆಮ್ಮವ್ವೆಯವರು ನೂಲು ತೆಗೆದರು. ಹೊಸೆಯುವುದೂ ನೂಲುವುದೂ ಕುಳಿತು ಮಾಡುವ ಕೆಲಸಗಳೇ. ಆ ಕಾಯಕದ ಫಲ ದಾಸೋಹಕ್ಕೆ ಸಲ್ಲುತ್ತಿತ್ತು. ಇಲ್ಲಿ ನಮಗೆ ಎರಡು ಸೂತ್ರಗಳು ದೊರೆಯುತ್ತವೆ. ಕೈಗೆ ಕೆಲಸವಿರಬೇಕು, ಆ ಕೆಲಸದ ಫಲ ಮತ್ತೊಬ್ಬರಿಗೆ ಮುಟ್ಟಬೇಕು. ಮನೆಯಲ್ಲಿ ಉಳಿದ ಹಿರಿಯರಿಗೆ ಹೊತ್ತು ಕಳೆಯುವ ಆಟಿಕೆಗಿಂತ ಹೆಚ್ಚಾಗಿ ಬೇಕಾದದ್ದು ‘ನನ್ನಿಂದ ಈ ಮನೆಗೆ ಇಷ್ಟು ಸಂದಿತು’ ಎಂಬ ಸಮಾಧಾನ.

ಅಂತಹ ಕೆಲಸಗಳಿಗೆ ನಮ್ಮ ಮನೆಗಳಲ್ಲಿ ಬರವಿಲ್ಲ. ಜೋಳ, ತೊಗರಿ, ಹೆಸರುಗಳಲ್ಲಿನ ಕಲ್ಲು ಆರಿಸುವುದು, ಶೇಂಗಾ ಸುಲಿಯುವುದು, ಹುಣಸೆಹಣ್ಣಿನ ನಾರು ಬೀಜ ಬಿಡಿಸುವುದು, ಸೊಪ್ಪು ಸೋಸುವುದು, ಅವರೆಯ ಕಾಲದಲ್ಲಿ ಕಾಳು ಹಿತಕುವುದು, ಪೂಜೆಗೆ ಹೂಬತ್ತಿ ಹೊಸೆಯುವುದು ಇವೆಲ್ಲ ಬೆರಳುಗಳಿಗೆ ಒಳ್ಳೆಯ ವ್ಯಾಯಾಮವೂ ಹೌದು. ಹಳೆಯ ಸೀರೆ ಧೋತರಗಳಿಂದ ಕೌದಿ ಹೊಲಿಯುವ ತಾಯಂದಿರು ಉತ್ತರ ಕರ್ನಾಟಕದ ಮನೆಗಳಲ್ಲಿ ಇನ್ನೂ ಇದ್ದಾರೆ. ಹುಟ್ಟಲಿರುವ ಮೊಮ್ಮಗುವಿಗೆಂದು ಒಂದು ಕೌದಿಯನ್ನು ಹಿಡಿದರೆ ಎರಡು ತಿಂಗಳು ಹೇಗೆ ಕಳೆದವೆಂದು ತಿಳಿಯುವುದಿಲ್ಲ. ಬೇಸಾಯಗಾರರು ಮುಂದಿನ ಹಂಗಾಮಿಗೆ ಬೀಜ ಆರಿಸಿಡಬಹುದು, ಮನೆಯ ಲೆಕ್ಕಪತ್ರಗಳನ್ನು ಒಪ್ಪಮಾಡಬಹುದು. ಅಂಗಳದ ಕುಂಡಗಳಲ್ಲಿ ಮೆಂತ್ಯ, ಕೊತ್ತಂಬರಿ ಬಿತ್ತಿದರೆ ದಿನವೂ ನೋಡುವುದಕ್ಕೆ ಒಂದು ಹೊಸತು ಇರುತ್ತದೆ.

ಬರಹ ಬಲ್ಲವರು ದಿನಕ್ಕೊಂದು ವಚನವನ್ನು ದುಂಡಗಿನ ಅಕ್ಷರದಲ್ಲಿ ಪ್ರತಿಮಾಡುವ ವ್ರತವನ್ನು ಹಿಡಿಯಬಹುದು. ನಕಲು ಮಾಡುವುದೇನು ದೊಡ್ಡ ಕೆಲಸವೆಂದು ಹೀಗಳೆಯಬೇಡಿ. ವಚನಗಳು ನಮ್ಮವರೆಗೆ ಬಂದುದೇ ಹೆಸರು ಉಳಿಸದ ಅನೇಕ ಪ್ರತಿಕಾರರ ಕೈಗಳಿಂದ. ಡಾ. ಫ. ಗು. ಹಳಕಟ್ಟಿಯವರು (1880–1964) ಊರೂರುಗಳಿಂದ ತಾಡವೋಲೆಯ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಆ ಕಟ್ಟುಗಳನ್ನು ಯಾರೋ ಬರೆಯದೆ, ಯಾರೋ ಕಾಯದೆ ಇದ್ದಿದ್ದರೆ ಅವರಿಗಾದರೂ ಏನು ದೊರೆಯುತ್ತಿತ್ತು? ಬರಹ ಬಾರದ ಹಿರಿಯರ ಬಳಿಯೂ ಭಂಡಾರವಿದೆ. ಮನೆತನದ ಕಥೆ, ಊರಿನ ಕೆರೆ ಬಾವಿಗಳ ಹೆಸರು, ಬಿತ್ತನೆಯ ಲೆಕ್ಕಾಚಾರ, ಬೀಸುವ ಕಲ್ಲಿನ ಪದಗಳು ಅವರೊಡನೆಯೇ ಅಳಿಯುತ್ತಿವೆ. ಮೊಮ್ಮಕ್ಕಳು ಮೊಬೈಲಿನಲ್ಲಿ ದಿನಕ್ಕೆ ಹತ್ತು ನಿಮಿಷ ಅವನ್ನು ಧ್ವನಿಮುದ್ರಿಸಲಿ. ಹೇಳುವವರಿಗೆ ಕೆಲಸ, ಕೇಳುವವರಿಗೆ ಶಿಕ್ಷಣ.

ದಿನಕ್ಕೊಂದು ಚೌಕಟ್ಟು

ಹೊರಗೆ ಓಡಾಡುವವರಿಗೆ ದಿನದ ಚೌಕಟ್ಟನ್ನು ಹೊರಗಿನ ಕೆಲಸವೇ ಹಾಕಿಕೊಡುತ್ತದೆ. ಮನೆಯಲ್ಲಿ ಉಳಿದವರು ಅದನ್ನು ತಾವೇ ಹಾಕಿಕೊಳ್ಳಬೇಕು. ವೈದ್ಯರ ಮತ್ತು ಫಿಸಿಯೋಥೆರಪಿ ತಜ್ಞರ ಸೂಚನೆಗೆ ಹೊಂದಿಸಿಕೊಂಡು ಈ ಕ್ರಮವನ್ನು ಅನುಸರಿಸಬಹುದು.

ಪ್ರಾತಃಕಾಲ: ನಿತ್ಯದ ಹೊತ್ತಿಗೇ ಏಳಬೇಕು. ಮುಖ ತೊಳೆದು, ರಾತ್ರಿಯ ಬಟ್ಟೆ ಬದಲಿಸಿ, ವಿಭೂತಿ ಧರಿಸಿ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳಬೇಕು. ನೆಲದ ಮೇಲೆ ಕೂರಲಾಗದವರು ಕುರ್ಚಿಯ ಮೇಲೆ ನೆಟ್ಟಗೆ ಕುಳಿತು ಪೂಜಿಸಲು ಸಂಕೋಚಪಡಬೇಕಾಗಿಲ್ಲ. ಅಂಗೈ ಮೇಲಿನ ಲಿಂಗಕ್ಕೆ ಮಂದಿರದ ಮೆಟ್ಟಿಲು ಹತ್ತುವ ಅಗತ್ಯವಿಲ್ಲ. ಮನೆಯಿಂದ ಹೊರಬರಲಾರದವರಿಗೆ ಇದೊಂದು ದೊಡ್ಡ ಆಸರೆ.

ಮುಂಜಾನೆ: ವಾಕರ್ ಅಥವಾ ಕೋಲಿನ ಆಸರೆಯಿಂದ ಹೇಳಿದಷ್ಟು ನಡಿಗೆ. ಅಂಗಳದಲ್ಲಿ ಹಗಲಿನ ಬೆಳಕಿಗೆ ಮೈಯೊಡ್ಡಿ ಕೂರುವುದು. ಬೆಳಗಿನ ಬೆಳಕು ರಾತ್ರಿಯ ನಿದ್ರೆಯನ್ನು ಸರಿಪಡಿಸುತ್ತದೆ. ಗಾಜಿನ ಕಿಟಕಿಯ ಹಿಂದೆ ಕುಳಿತರೆ ಡಿ ಜೀವಸತ್ವ ದೊರೆಯದು, ಅದನ್ನು ಉಂಟುಮಾಡುವ ಕಿರಣಗಳನ್ನು ಗಾಜು ತಡೆಯುತ್ತದೆ. ತಿಂಡಿಯ ನಂತರ ಒಂದು ಗಂಟೆ ಕೈಗೆಲಸ.

ಮಧ್ಯಾಹ್ನ: ಊಟದಲ್ಲಿ ಬೇಳೆ, ಮೊಳಕೆಕಾಳು, ಶೇಂಗಾಹಿಂಡಿ, ಹಾಲು ಮೊಸರುಗಳಿರಲಿ. ಸ್ನಾಯು ಕಟ್ಟುವುದಕ್ಕೆ ಪ್ರೋಟೀನು ಬೇಕು. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದು ಕಡಿಮೆಯಾದ್ದರಿಂದ ನೀರನ್ನು ನೆನಪಿಟ್ಟು ಕುಡಿಯಬೇಕು. ಮೂತ್ರಪಿಂಡ ಅಥವಾ ಹೃದಯದ ತೊಂದರೆಯುಳ್ಳವರು ಪ್ರೋಟೀನು ಮತ್ತು ನೀರಿನ ಪ್ರಮಾಣವನ್ನು ವೈದ್ಯರಿಂದಲೇ ತಿಳಿಯಬೇಕು. ಹಗಲು ನಿದ್ರೆ ಅರ್ಧ ಗಂಟೆ ಮೀರದಿರಲಿ.

ಸಂಜೆ: ಇನ್ನೊಂದು ಸುತ್ತು ನಡಿಗೆ. ನೆರೆಹೊರೆಯವರೊಡನೆ ಮಾತು. ಮಕ್ಕಳೊಡನೆ ಚೌಕಾಬಾರ, ಅಳಗುಳಿಮಣೆ, ಹುಲಿ ಕುರಿಯಾಟ. ಇವು ಲೆಕ್ಕ, ನೆನಪು, ಮುಂದಾಲೋಚನೆಗಳಿಗೆ ಸಾಣೆ ಹಿಡಿಯುತ್ತವೆ. ಟಿ.ವಿ.ಗೂ ಒಂದು ಹೊತ್ತಿರಲಿ, ಆದರೆ ದಿನವೆಲ್ಲ ಅದೇ ಆಗದಿರಲಿ. ನೋಡುವಾಗ ನಡುನಡುವೆ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿದ್ದರೆ ಕಾಲಿನ ರಕ್ತಸಂಚಾರಕ್ಕೆ ನೆರವಾಗುತ್ತದೆ.

ಪೂರ್ಣ ಗುಣವಾದ ಬಳಿಕ ನಡಿಗೆಯನ್ನು ಹೆಚ್ಚಿಸುತ್ತ ಹೋಗಬೇಕು. 65 ವರ್ಷ ದಾಟಿದವರೂ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದೂ, ಬೀಳದಂತೆ ಸಮತೋಲನದ ವ್ಯಾಯಾಮವನ್ನು ವಾರಕ್ಕೆ 3 ದಿನವಾದರೂ ಮಾಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ.

ಮೊದಲು ಕಣ್ಣು ಕಿವಿಗಳನ್ನು ನೋಡಿರಿ

‘ಅಪ್ಪನಿಗೆ ಓದುವ ಆಸಕ್ತಿಯೇ ಹೋಗಿದೆ’ ಎಂದು ಮಕ್ಕಳು ಹೇಳುತ್ತಾರೆ. ಅನೇಕ ವೇಳೆ ಹೋಗಿರುವುದು ಆಸಕ್ತಿಯಲ್ಲ, ದೃಷ್ಟಿ. ಕಣ್ಣಿನ ಪೊರೆಯಿಂದ ಅಕ್ಷರ ಮಂಜಾಗಿರುತ್ತದೆ, ಅಥವಾ ಕನ್ನಡಕ ಹತ್ತು ವರ್ಷ ಹಳೆಯದಾಗಿರುತ್ತದೆ. ಹಾಗೆಯೇ ಕಿವಿ ಮಂದವಾದವರು ಮಾತು ತಿಳಿಯದೆ, ಪದೇ ಪದೇ ಕೇಳಲು ನಾಚಿ, ಮೆಲ್ಲಗೆ ಎಲ್ಲರಿಂದ ದೂರ ಸರಿಯುತ್ತಾರೆ. ನಾವು ಅದನ್ನು ವೈರಾಗ್ಯವೆಂದೋ ಮುನಿಸೆಂದೋ ತಪ್ಪಾಗಿ ತಿಳಿಯುತ್ತೇವೆ. ಬೇಸರದ ಚಿಕಿತ್ಸೆ ಕೆಲವೊಮ್ಮೆ ಒಂದು ಕನ್ನಡಕದಷ್ಟು, ಒಂದು ಶ್ರವಣಯಂತ್ರದಷ್ಟು ಸರಳವಾಗಿರುತ್ತದೆ.

ಮನೆಯವರಿಗೊಂದು ಮಾತು

ಸೇವೆಯೆಂದರೆ ಹಿರಿಯರ ಕೈಯಿಂದ ಎಲ್ಲ ಕೆಲಸವನ್ನು ಕಸಿದುಕೊಳ್ಳುವುದಲ್ಲ. ಅವರು ನಿಧಾನವಾಗಿ ಮಾಡಬಲ್ಲುದನ್ನು ನಾವು ಬೇಗ ಮಾಡಿ ಮುಗಿಸಿದರೆ ಉಳಿಯುವುದು ನಮ್ಮ ಹೊತ್ತು, ಕುಗ್ಗುವುದು ಅವರ ಬಲ. ಕೆಲಸ ಕೊಡುವಾಗಲೂ ಎಚ್ಚರ ಬೇಕು. ಆರಿಸಿದ ಕಾಳನ್ನೇ ಮತ್ತೆ ಬೆರೆಸಿ ಆರಿಸಲು ಕೊಡುವಂತಹ ಸುಳ್ಳು ಕೆಲಸ ಅವರಿಗೆ ಕೂಡಲೇ ತಿಳಿಯುತ್ತದೆ, ಅದು ಅವಮಾನ. ಅವರು ಆರಿಸಿದ ಬೇಳೆಯೇ ಅಂದಿನ ಸಾರಾಗಲಿ. ಸಾಲ, ಮದುವೆ, ಬೆಳೆಗಳ ವಿಚಾರದಲ್ಲಿ ಅವರ ಸಲಹೆ ಕೇಳಿರಿ. ಬಚ್ಚಲಿಗೆ ಹಿಡಿಕೆ, ರಾತ್ರಿಗೆ ಮಂದ ದೀಪ, ಜಾರದ ಪಾದರಕ್ಷೆ, ನಡೆಯುವ ದಾರಿಯಲ್ಲಿ ಚಾಪೆ ತಂತಿಗಳಿಲ್ಲದಂತಹ ವ್ಯವಸ್ಥೆ ಇಷ್ಟಾದರೆ ಅವರನ್ನು ಓಡಾಡಗೊಡುವ ಧೈರ್ಯ ನಮಗೂ ಬರುತ್ತದೆ.

ಬೇಸರವು ಕಾಯಿಲೆಯಾದಾಗ

ಎಲ್ಲ ಬೇಸರವೂ ಕೈಗೆಲಸದಿಂದ ಕಳೆಯುವಂತಹದಲ್ಲ. ಎರಡು ವಾರಗಳಿಗೂ ಮೀರಿ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಊಟ ನಿದ್ರೆ ಕೆಡುವುದು, ಕಾರಣವಿಲ್ಲದ ಅಳು, ‘ನಾನು ಭಾರವಾದೆ’ ಎಂಬ ಮಾತು ಇವು ಖಿನ್ನತೆಯ ಲಕ್ಷಣಗಳು. ವಯೋವೃದ್ಧರಲ್ಲಿ ಅದು ಮೈಕೈ ನೋವು, ಹೊಟ್ಟೆಯ ಸಂಕಟಗಳ ವೇಷದಲ್ಲಿಯೂ ಬರುತ್ತದೆ. ಇದು ಭಕ್ತಿಯ ಕೊರತೆಯಲ್ಲ, ಮನೋದಾರ್ಢ್ಯದ ಕೊರತೆಯೂ ಅಲ್ಲ. ಔಷಧಿ ಮತ್ತು ಸಮಾಲೋಚನೆಗಳಿಂದ ಗುಣವಾಗುವ ಕಾಯಿಲೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಆಪ್ತಸಲಹೆ ದೊರೆಯುತ್ತದೆ. ಹಿರಿಯ ನಾಗರಿಕರ ಸಹಾಯವಾಣಿ 14567. ಸಾಯುವ ಮಾತನ್ನು ಯಾರಾದರೂ ಆಡಿದರೆ ಅದನ್ನು ‘ವಯಸ್ಸಾದವರ ಮಾತು’ ಎಂದು ತಳ್ಳಿಹಾಕದೆ, ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಕಾಲಿನ ಮೀನಖಂಡ ಒಮ್ಮೆಗೇ ಬಾತು ನೋವಾಗುವುದು, ಎದೆನೋವು ಅಥವಾ ಉಬ್ಬಸ, ಇದ್ದಕ್ಕಿದ್ದಂತೆ ಗೊಂದಲದ ಮಾತು, ಇವು ಕಂಡರೂ ತಡಮಾಡದೆ ಆಸ್ಪತ್ರೆ ಸೇರಬೇಕು.

ಆ ತಾಯಿಯ ಮನೆಗೆ ಮರಳೋಣ. ವೈದ್ಯರು ಹೊಸ ಔಷಧಿಯನ್ನು ಬರೆಯಲಿಲ್ಲ. ನಿತ್ಯ ಎರಡು ಹೊತ್ತು ನಡೆಸಬೇಕು, ನಿತ್ಯ ಒಂದು ಕೆಲಸ ಕೊಡಬೇಕು, ಹದಿನೈದು ದಿನಗಳಲ್ಲಿ ಸುಧಾರಿಸದಿದ್ದರೆ ಮನೋವೈದ್ಯರಿಗೆ ತೋರಿಸಬೇಕು ಎಂದು ಹೇಳಿಹೋದರು. ಮರುದಿನ ಸೊಸೆ ಒಂದು ಮೊರ ತೊಗರಿಬೇಳೆಯನ್ನು ಅತ್ತೆಯ ತೊಡೆಯ ಮೇಲಿಟ್ಟಳು. ಮೊದಲ ದಿನ ಕಾಲು ಸೇರೂ ಮುಗಿಯಲಿಲ್ಲ. ವಾರ ಕಳೆಯುವಷ್ಟರಲ್ಲಿ ‘ನಾಳೆಗೆ ಏನಿದೆ?’ ಎಂದು ಅವರೇ ಕೇಳಿದರು. ಮೂರನೆಯ ತಿಂಗಳಿಗೆ ಕೋಲೂರಿಕೊಂಡು ಅಡುಗೆಮನೆಯ ಬಾಗಿಲವರೆಗೆ ಬಂದು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಸೊಸೆಯನ್ನು ಗದರಿದರು. ಆ ಗದರಿಕೆಯನ್ನು ಕೇಳಿ ಮನೆಯವರೆಲ್ಲ ಸಂತೋಷಪಟ್ಟರು.

ನಿಮ್ಮ ಮನೆಯಲ್ಲಿಯೂ ಗೋಡೆ ನೋಡುತ್ತ ಕುಳಿತ ಹಿರಿಯರಿದ್ದರೆ, ಇಂದು ಸಂಜೆ ಅವರ ಪಕ್ಕದಲ್ಲಿ ಕುಳಿತು ಆ ವೈದ್ಯರು ಕೇಳಿದ ಪ್ರಶ್ನೆಯನ್ನೇ ಕೇಳಿರಿ. ಉತ್ತರ ಬಾರದಿದ್ದರೆ ನಾಳೆ ಬೆಳಗ್ಗೆ ಮೊರವೊಂದನ್ನು ಅವರ ಕೈಗೆ ಕೊಡಿರಿ.