ತಡೆಯಬಾರದ ವೇಗ, ತಡೆಯಬೇಕಾದ ವೇಗ: ಮಕ್ಕಳೊಡನೆ ಪ್ರವಾಸ ಹೊರಡುವವರಿಗೆ

ಬೇಸಿಗೆಯ ರಜೆ ಬಂದಿತೆಂದರೆ ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು ಮತ್ತು ಅದರ ಸುತ್ತಣ ಹಳ್ಳಿಗಳಲ್ಲಿ ಭಾನುವಾರದ ಪ್ರವಾಸಗಳೂ ಆರಂಭವಾಗುತ್ತವೆ. ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸಿ, ಮುಂದಿನ ಚಾಕಿ ಮನೆಗೆ ಬರುವುದರೊಳಗೆ ದೊರೆಯುವ ಬಿಡುವಿನಲ್ಲಿ ಮನೆಮಂದಿಯೆಲ್ಲ ಹೊರಡುತ್ತಾರೆ. ಬೆಳಿಗ್ಗೆ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ದರ್ಶನ, ಅಲ್ಲಿಂದ ಕೆಂಗಲ್ ಆಂಜನೇಯ, ಮಧ್ಯಾಹ್ನ ರಾಮದೇವರ ಬೆಟ್ಟ, ಸಂಜೆ ಕಣ್ವ ಜಲಾಶಯ. ಒಂದೇ ದಿನದಲ್ಲಿ ಎಲ್ಲವೂ ಮುಗಿಯಬೇಕೆಂಬುದು ಹಿರಿಯರ ಸಂಕಲ್ಪ. ಮಕ್ಕಳನ್ನು ಹೊರಗೆ ಕರೆದೊಯ್ಯುವುದು ಒಳ್ಳೆಯದೇ. ಬೆಟ್ಟ, ಕೆರೆ, ಗುಡಿಗಳನ್ನು ಕಂಡ ಮಗುವಿನ ಮನಸ್ಸು ಅರಳುತ್ತದೆ. ಬೇಡವೆನ್ನುವುದು ನಮ್ಮ ಉದ್ದೇಶವಲ್ಲ.

ಆದರೆ ಸೋಮವಾರ ಬೆಳಿಗ್ಗೆ ವೈದ್ಯರ ಬಾಗಿಲಲ್ಲಿ ಕಾಣುವ ನೋಟವೇ ಬೇರೆ. ಒಂದು ಮಗುವಿಗೆ ಜ್ವರ, ಇನ್ನೊಂದಕ್ಕೆ ವಾಂತಿಭೇದಿ, ಮತ್ತೊಂದಕ್ಕೆ ಉರಿಮೂತ್ರ. 'ಬೇರೆ ಊರಿನ ನೀರು ಒಗ್ಗಲಿಲ್ಲ', 'ಗಾಳಿ ಸೋಕಿತು', 'ದೃಷ್ಟಿಯಾಯಿತು' ಎಂದು ಹಿರಿಯರು ಕಾರಣ ಹೇಳುತ್ತಾರೆ. ನಾವು ಕೇಳುವ ಪ್ರಶ್ನೆಗಳು ಸರಳವಾದವು: ನಿನ್ನೆ ಮಗು ಎಷ್ಟು ಸಲ ಮೂತ್ರ ಮಾಡಿತು? ಎಷ್ಟು ಸಲ ನೀರು ಕುಡಿಯಿತು? ಮಧ್ಯಾಹ್ನ ಎಲ್ಲಿ ಮಲಗಿತು? ಹೆಚ್ಚಿನವರಿಗೆ ಉತ್ತರ ಹೊಳೆಯುವುದಿಲ್ಲ. ಕಾಯಿಲೆಯ ಬೀಜ ಬಹುಪಾಲು ಅಲ್ಲಿಯೇ ಇರುತ್ತದೆ.

ಹದಿಮೂರು ವೇಗಗಳು

ವಾಗ್ಭಟಾಚಾರ್ಯರ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ನಾಲ್ಕನೆಯ ಅಧ್ಯಾಯಕ್ಕೆ 'ರೋಗಾನುತ್ಪಾದನೀಯ' ಎಂದು ಹೆಸರು; ಎಂದರೆ ರೋಗವು ಹುಟ್ಟದಂತೆ ನೋಡಿಕೊಳ್ಳುವ ಕ್ರಮ. ದೇಹದಲ್ಲಿ ತಾನಾಗಿ ಏಳುವ ಒತ್ತಡಗಳನ್ನು ಶಾಸ್ತ್ರವು 'ವೇಗ' ಎಂದು ಕರೆಯುತ್ತದೆ. ಮಲ, ಮೂತ್ರ, ಹಸಿವು, ಬಾಯಾರಿಕೆ, ನಿದ್ರೆ, ಕಣ್ಣೀರು, ವಾಂತಿ, ಸೀನು, ಕೆಮ್ಮು, ಆಕಳಿಕೆ ಮೊದಲಾದ ಹದಿಮೂರು ವೇಗಗಳನ್ನು ತಡೆಯಬಾರದೆಂಬುದು ಅಲ್ಲಿಯ ವಿಧಿ. ಮೂತ್ರವನ್ನು ತಡೆದರೆ ಕಿಬ್ಬೊಟ್ಟೆ ನೋವು ಮತ್ತು ಕಲ್ಲು, ಬಾಯಾರಿಕೆಯನ್ನು ತಡೆದರೆ ಶೋಷ ಮತ್ತು ತಲೆಸುತ್ತು, ನಿದ್ರೆಯನ್ನು ತಡೆದರೆ ತಲೆಭಾರ ಮತ್ತು ಮೈನೋವು ಎಂದು ಫಲವನ್ನೂ ಆಚಾರ್ಯರು ಹೇಳಿದ್ದಾರೆ.

ದೊಡ್ಡವರು ತಮ್ಮ ವೇಗವನ್ನು ತಾವೇ ತಡೆದುಕೊಳ್ಳುತ್ತಾರೆ. ಮಗುವಿನ ವೇಗವನ್ನಾದರೋ ತಡೆಯುವವರು ನಾವು. 'ಇನ್ನು ಸ್ವಲ್ಪ ಹೊತ್ತು ತಡಿ ಕಂದಾ' ಎಂಬ ಮಾತು ಪ್ರವಾಸದ ದಿನ ಎಷ್ಟು ಸಲ ನಮ್ಮ ಬಾಯಿಂದ ಬರುತ್ತದೆ ಎಂಬುದನ್ನು ಎಣಿಸಿಕೊಂಡರೆ ತಿಳಿದೀತು.

ಮೂತ್ರ ಮತ್ತು ಬಾಯಾರಿಕೆ

ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ದಾರಿಯಲ್ಲಿ ಶೌಚಾಲಯ ಸಿಗದೆಂದು ತಾಯಿ ತಾನೂ ನೀರು ಕುಡಿಯಳು, ಹೆಣ್ಣುಮಗುವಿಗೂ ಕೊಡಳು. ಗಂಡುಮಗುವನ್ನು ಮರದ ಮರೆಗೆ ನಿಲ್ಲಿಸುವ ನಾವು ಹೆಣ್ಣುಮಗುವಿಗೆ 'ತಡಿ' ಎನ್ನುತ್ತೇವೆ. ಹೆಣ್ಣುಮಕ್ಕಳ ಮೂತ್ರನಾಳವು ಸಹಜವಾಗಿಯೇ ಗಿಡ್ಡದು. ಸೋಂಕು ಮೇಲೇರುವುದು ಸುಲಭ. ನೀರು ಕಡಿಮೆಯಾಗಿ, ಮೂತ್ರವೂ ಕಟ್ಟಿದರೆ ಉರಿಮೂತ್ರ ಮತ್ತು ಜ್ವರ ಬರಲು ಬೇರೆ ಕಾರಣ ಬೇಕಿಲ್ಲ. ಎಳೆಯ ಮಕ್ಕಳಲ್ಲಿ ಇಂತಹ ಸೋಂಕು ಪದೇ ಪದೇ ಮರುಕಳಿಸಿದರೆ ಮೂತ್ರಪಿಂಡಕ್ಕೂ ಹಾನಿಯಾಗಬಹುದು.

ಆದ್ದರಿಂದ ಎರಡು ಗಂಟೆಗೊಮ್ಮೆ ಮಗು ಕೇಳಲಿ, ಬಿಡಲಿ, ವಾಹನ ನಿಲ್ಲಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಬೇಕೆಂದಲ್ಲಿ ನಿಲ್ಲಲಾಗದು. ಮಕ್ಕಳಿರುವ ಕಾರು ಊರೊಳಗಿನ ಹಳೆಯ ರಸ್ತೆಯಲ್ಲಿ ಹೋದರೆ ತಡವಾದರೂ ಹಿತ. ಒಂದು ಚೊಂಬು, ಒಂದು ಕ್ಯಾನು ನೀರು, ಮರೆಗೆ ಹಿಡಿಯಲು ಒಂದು ಸೀರೆ ವಾಹನದಲ್ಲಿರಲಿ. ಕುಡಿಯಲು ಮನೆಯಲ್ಲಿ ಕಾಯಿಸಿ ಆರಿಸಿದ ನೀರನ್ನೇ ಒಯ್ಯಿರಿ.

ಹಸಿವು

ಸುಶ್ರುತಾಚಾರ್ಯರು ಬಾಲ್ಯವನ್ನು ಮೂರಾಗಿ ವಿಂಗಡಿಸಿದ್ದಾರೆ: ಒಂದು ವರ್ಷದವರೆಗೆ ಹಾಲೇ ಆಹಾರವಾದ ಕ್ಷೀರಪ, ಎರಡು ವರ್ಷದವರೆಗೆ ಹಾಲು ಅನ್ನ ಎರಡೂ ಉಣ್ಣುವ ಕ್ಷೀರಾನ್ನಾದ, ಬಳಿಕ ಅನ್ನಾದ. ಇಂದಿನ ವೈದ್ಯವು ಆರು ತಿಂಗಳು ತುಂಬಿದೊಡನೆ ಮೆತ್ತನೆಯ ಆಹಾರವನ್ನು ಎದೆಹಾಲಿನ ಜೊತೆಗೆ ಆರಂಭಿಸಲು ಹೇಳುತ್ತದೆ; ಅದನ್ನೇ ಪಾಲಿಸತಕ್ಕದ್ದು. ಆರು ತಿಂಗಳೊಳಗಿನ ಶಿಶುವಿಗೆ ಬಿಸಿಲಿನಲ್ಲಿಯೂ ನೀರು ಬೇಡ, ಎದೆಹಾಲು ಸಾಕು. ಆದರೆ ಆ ಹಾಲಿಗಾಗಿ ತಾಯಿ ಹೊಟ್ಟೆತುಂಬ ನೀರು ಕುಡಿಯಬೇಕು. ಅಷ್ಟು ಚಿಕ್ಕ ಮಗುವಿಗೆ ತೀರ್ಥವನ್ನು ಹಣೆಗೆ ಹಚ್ಚಿದರೆ ಸಾಕೆಂಬುದು ನಮ್ಮ ವಿನಂತಿ.

ಅನ್ನ ಉಣ್ಣುವ ಮಗುವಿಗೆ ದೊಡ್ಡವರ ಊಟದ ಹೊತ್ತಿನವರೆಗೆ ಕಾಯುವ ಶಕ್ತಿಯಿಲ್ಲ. ಬಾಳೆಹಣ್ಣು, ಅವಲಕ್ಕಿ, ರಾಗಿಹುರಿಹಿಟ್ಟು ಚೀಲದಲ್ಲಿರಲಿ. ಬೀದಿಬದಿಯಲ್ಲಿ ಮೊದಲೇ ಕತ್ತರಿಸಿಟ್ಟ ಹಣ್ಣು ಮತ್ತು ಐಸ್ ಹಾಕಿದ ಪಾನಕ ಬೇಡ. ಮಠದ ಜಾತ್ರೆಗೆ ಬರುವ ಸದ್ಭಕ್ತರಿಗೂ ಇದೇ ಮಾತು: ದಾಸೋಹದ ಸಾಲಿನಲ್ಲಿ ಕಂಕುಳಲ್ಲಿ ಕೂಸನ್ನು ಹೊತ್ತ ತಾಯಿಯನ್ನು ಕಂಡರೆ ಮುಂದಿನವರು ದಾರಿ ಬಿಡಲಿ. ಅದೂ ಒಂದು ಸೇವೆಯೇ.

ನಿದ್ರೆ ಮತ್ತು ಕಣ್ಣೀರು

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ರೆ ಬೇಕು. ಹಗಲಿನ ನಿದ್ರೆಯೂ ಇದರಲ್ಲಿ ಸೇರಿದೆ. ರೇಷ್ಮೆ ಬೆಳೆಯುವ ನಮ್ಮ ಜನರಿಗೆ ಇದನ್ನು ತಿಳಿಯಲು ಶಾಸ್ತ್ರವೇ ಬೇಕಿಲ್ಲ. ಹುಳು ಜ್ವರಕ್ಕೆ ಹೋದಾಗ ನಾವು ಸೊಪ್ಪು ಹಾಕುವುದಿಲ್ಲ, ತಟ್ಟೆಯನ್ನು ಅಲುಗಿಸುವುದಿಲ್ಲ. ಅದು ತಾನಾಗಿ ಏಳುವವರೆಗೆ ಕಾಯುತ್ತೇವೆ. ಹುಳುವಿಗೆ ತೋರುವ ಆ ತಾಳ್ಮೆಯನ್ನು ಹೆತ್ತ ಕೂಸಿಗೇಕೆ ತೋರುವುದಿಲ್ಲ? ಹೆಗಲ ಮೇಲೆ ನಿದ್ದೆಹೋದ ಮಗುವನ್ನು ಫೋಟೋ ತೆಗೆಯಲೆಂದು ತಟ್ಟಿ ಎಬ್ಬಿಸುವುದನ್ನು ಎಲ್ಲ ಕ್ಷೇತ್ರಗಳಲ್ಲಿಯೂ ಕಾಣುತ್ತೇವೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಸಿಲಿನ ಬಂಡೆ ಹತ್ತುವುದನ್ನು ಬಿಟ್ಟು, ಮರದ ನೆರಳಲ್ಲಿ ಮಗುವನ್ನು ಮಲಗಿಸಿರಿ. ನಿಲ್ಲಿಸಿದ ಕಾರಿನೊಳಗೆ ಮಾತ್ರ ಮಗುವನ್ನು ಒಂಟಿಯಾಗಿ ಮಲಗಿಸಿ ಹೋಗಬಾರದು. ಕೆಲವೇ ನಿಮಿಷಗಳಲ್ಲಿ ಒಳಗಿನ ಶಾಖ ಪ್ರಾಣಕ್ಕೆ ಎರವಾಗುತ್ತದೆ.

ಅಳುವೂ ಒಂದು ವೇಗವೇ. ಮಾತು ಬಾರದ ಮಗು ಹಸಿವು, ದಾಹ, ಸೆಕೆ, ನೋವುಗಳನ್ನು ಅಳುವಿನಿಂದಲೇ ತಿಳಿಸುತ್ತದೆ. ಕೈಗೆ ಮೊಬೈಲು ಕೊಟ್ಟು ಆ ದನಿಯನ್ನು ಮುಚ್ಚಿದರೆ ಕಾರಣ ಒಳಗೇ ಉಳಿಯುತ್ತದೆ. ಮೊದಲು ಕಾರಣವನ್ನು ಹುಡುಕಿ. ಆಮೇಲೆ ಆಡಲು ಏನಾದರೂ ಕೊಡಬಹುದು. ನಮ್ಮ ಚನ್ನಪಟ್ಟಣದ ಆಲೆ ಮರದ, ಅರಗಿನ ಬಣ್ಣದ ಗೊಂಬೆ ಇದ್ದೇ ಇದೆ. ಅದು ಬಾಯೊಳಗೆ ಹಿಡಿಸದಷ್ಟು ದೊಡ್ಡದಿರಲಿ.

ಹಿರಿಯರ ವೇಗ

ವಾಗ್ಭಟರು ಅದೇ ಅಧ್ಯಾಯದಲ್ಲಿ ತಡೆಯಲೇಬೇಕಾದ ವೇಗಗಳನ್ನೂ ಹೇಳಿದ್ದಾರೆ: ಲೋಭ, ಈರ್ಷ್ಯೆ, ದ್ವೇಷ, ಮಾತ್ಸರ್ಯ, ರಾಗ. ಇನ್ನೊಂದು ಸ್ಥಳವನ್ನೂ ನೋಡಿಬಿಡೋಣ ಎಂಬುದು ಲೋಭ. ಪಕ್ಕದ ಮನೆಯವರು ಹೋದಲ್ಲಿಗೆಲ್ಲ ನಾವೂ ಹೋಗಬೇಕೆಂಬುದು ಮಾತ್ಸರ್ಯ. ಇಲ್ಲಿ ನಾವು ತಿರುಗುಮುರುಗಾಗಿ ನಡೆಯುತ್ತಿದ್ದೇವೆ. ತಡೆಯಬಾರದ ಮಗುವಿನ ವೇಗವನ್ನು ತಡೆದು, ತಡೆಯಬೇಕಾದ ನಮ್ಮ ವೇಗವನ್ನು ಹರಿಯಬಿಡುತ್ತೇವೆ. ಐದು ವರ್ಷದೊಳಗಿನ ಮಗುವಿದ್ದರೆ ದಿನಕ್ಕೆ ಒಂದೇ ಸ್ಥಳ ಸಾಕು. ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವೊಂದೇ 15 ಎಕರೆಯಷ್ಟಿದೆ. ಮಗು ತನ್ನ ನಡಿಗೆಯಲ್ಲಿ ನೋಡಲು ಅರ್ಧ ದಿನ ಬೇಕು.

ವಾಹನದ ವೇಗಕ್ಕೂ ಮಿತಿ ಬೇಕು. ಒಂದೇ ಬೈಕಿನಲ್ಲಿ ನಾಲ್ವರು ಹೋಗುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಅದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ. 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ನಿಯಮದಂತೆ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಬೈಕಿನಲ್ಲಿ ಒಯ್ಯುವಾಗ ಮಗುವಿಗೆ ಹೆಲ್ಮೆಟ್ ಮತ್ತು ಸವಾರನೊಡನೆ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು.

ಅಪಾಯದ ಲಕ್ಷಣಗಳು

ಇಷ್ಟಾದರೂ ವಾಂತಿಭೇದಿ ಬಂದರೆ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದ ಅಳತೆಯ ನೀರಿನಲ್ಲಿ ಕರಗಿಸಿಕೊಳ್ಳಿ. ಪ್ರತಿ ಭೇದಿಯ ಬಳಿಕ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಕುಡಿಸಿರಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಿಂದ ನಿಧಾನವಾಗಿ ಮತ್ತೆ ಕೊಡಿ. ಎದೆಹಾಲನ್ನು ನಿಲ್ಲಿಸಬೇಡಿ.

ಆರು ಗಂಟೆಯಾದರೂ ಮೂತ್ರವಿಲ್ಲದಿರುವುದು, ಅತ್ತರೂ ಕಣ್ಣೀರು ಬಾರದಿರುವುದು, ಕಣ್ಣು ಗುಳಿಬೀಳುವುದು, ಕೂಸಿನ ನೆತ್ತಿ ಒಳಸೇರುವುದು, ಭೇದಿಯಲ್ಲಿ ರಕ್ತ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್. ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿಗೆ, ನಮ್ಮ ಕಷಾಯಕ್ಕೆ ಕಾಯದೆ ಹತ್ತಿರದ ಆಸ್ಪತ್ರೆಗೆ ಧಾವಿಸಿರಿ. 108 ಆಂಬುಲೆನ್ಸ್ ಉಚಿತವಾಗಿದೆ. ಮೂರು ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೆ ಅದೊಂದೇ ಸಾಕಾದ ಕಾರಣ.

ಹೊರಡುವ ಮುನ್ನ ಮನೆಯ ಹಿರಿಯರು ಒಂದು ನಿಶ್ಚಯ ಮಾಡಲಿ: ಈ ದಿನದ ಹೆಜ್ಜೆ ಮನೆಯ ಅತಿ ಕಿರಿಯ ಕೂಸಿನ ಹೆಜ್ಜೆ. ಅದು ನಿಂತಲ್ಲಿ ನಾವು ನಿಲ್ಲುವೆವು, ಮಲಗಿದಲ್ಲಿ ಕೂರುವೆವು, ಸಾಕೆಂದಾಗ ಹಿಂದಿರುಗುವೆವು. ನೋಡದೆ ಉಳಿದ ಬೆಟ್ಟ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.