ಹೊಸ ಪುಲ್ಲಿಯೂ ಔಟ್ ಇರ್ತೈತಿ

ಗಿರಣಿ ಬೇರಿಂಗ್ ಕಾಯುತ್ತಿದೆ ಎಂದು ಬರುವವರು ಕೈಯಲ್ಲಿ ಹೊಸ ಬೇರಿಂಗ್ ಹಿಡಿದೇ ಬರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಲೆಕ್ಕ. ಸವಡಿಯಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಲೇಥ್ ಇಟ್ಟುಕೊಂಡಿರುವ ನಾನು ಮೊದಲು ಕೇಳುವುದು, ಪುಲ್ಲಿ ಯಾವಾಗ ಹಾಕಿಸಿದ್ರಿ?

"ಮೊನ್ನೆ ತಂದದ್ದರೀ ಮಿಸ್ತ್ರಿ, ಹೊಸಾದು. ಅದರಾಗೇನ್ ಐಬು ಇರ್ತೈತಿ?"

ಇರುತ್ತದೆ. ಎರಕದ ಪುಲ್ಲಿಗೆ ಬೋರ್ ಹೊಡೆಯುವಾಗ ಒಂದು ಸಲ, ಹೊರಮೈ ತೆಗೆಯುವಾಗ ಇನ್ನೊಂದು ಸಲ ಚಕ್ಕಿಗೆ ಕಟ್ಟಿದ್ದರೆ ಎರಡರ ನಡುಬಿಂದು ಒಂದೇ ಕಡೆ ಬೀಳುವುದು ಅಪರೂಪ. ಮೂರು ಜಾ ಇರುವ ಚಕ್ಕು ತಾನಾಗಿ ನಡುವಿಗೆ ಹಿಡಿಯುತ್ತದೆ ಎನ್ನುವುದು ಅರ್ಧ ಸತ್ಯ. ಸವೆದ ಚಕ್ಕಿನಲ್ಲಿ ಡಯಲ್ ಗೇಜಿನ ಮುಳ್ಳು 0.30 ಎಂಎಂ ಓಡಾಡಿದರೆ ಮಾಲು ನಡುವಿನಿಂದ 0.15 ಎಂಎಂ ಸರಿದಿದೆ, ಅಂದರೆ ಔಟ್ ಇದೆ ಎಂದರ್ಥ. ಕಣ್ಣಿಗೆ ಅದು ಕಾಣುವುದಿಲ್ಲ. ಬೆಲ್ಟು ಮಾತ್ರ ಪ್ರತಿ ಸುತ್ತಿಗೂ ಒಮ್ಮೆ ಬಿಗಿದು ಒಮ್ಮೆ ಸಡಿಲಾಗಿ ಬೇರಿಂಗನ್ನು ಜಗ್ಗುತ್ತಲೇ ಇರುತ್ತದೆ.

ಹೀಗಿದ್ದಾಗ ಯಾವ ಮೈಯನ್ನು ನಂಬಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕು. ನಾನು ನಂಬುವುದು ಬೋರನ್ನು, ಏಕೆಂದರೆ ಶಾಫ್ಟಿನ ಮೇಲೆ ಕೂರುವುದು ಅದೇ. ಹೊರಮೈಯನ್ನು ಹಿಡಿದು ಬೋರ್ ದೊಡ್ಡದು ಮಾಡಲು ಹೋದರೆ ಶಾಫ್ಟ್ ಸಡಿಲಾಗಿ, ಬುಷ್ ಹಾಕುವ ಹೊಸ ಕೆಲಸ ಹುಟ್ಟುತ್ತದೆ. ಅದರ ಬದಲು ಬೋರಿನೊಳಗೆ ಹೋಗುವ ಮ್ಯಾಂಡ್ರಿಲ್ ಸರಳು ತಿರುವಿ, 100 ಎಂಎಂ ಉದ್ದಕ್ಕೆ 0.05 ಎಂಎಂನಷ್ಟು ಮಾತ್ರ ಇಳಿಜಾರು ಕೊಡುತ್ತೇನೆ. ಪುಲ್ಲಿಯನ್ನು ಅದಕ್ಕೆ ಒತ್ತಿ ಕೂರಿಸಿ, ಎರಡು ಸೆಂಟರುಗಳ ನಡುವೆ ಕಟ್ಟಿ, ಬೆಲ್ಟು ಕೂರುವ ಮೈಯನ್ನೂ ಪಕ್ಕದ ಮುಖವನ್ನೂ ಬಿಚ್ಚದೆ ಒಂದೇ ಕಟ್ಟಿನಲ್ಲಿ ಮುಗಿಸಬೇಕು. ಟೂಲು ಮೊದಲು ಒಂದು ಕಡೆ ಮಾತ್ರ ಕಚ್ಚಿ, ಇನ್ನೊಂದು ಕಡೆ ಗಾಳಿಯಲ್ಲಿ ಹೋಗುತ್ತದೆ. ಕಪ್ಪು ಪುಡಿ ಸುತ್ತಲೂ ಒಂದೇ ಸಮ ಉದುರತೊಡಗಿದಾಗ ಟೂಲು ಹಿಂದಕ್ಕೆ ಎಳೆಯುತ್ತೇನೆ. ಅದರ ಮೇಲೆ ತೆಗೆದದ್ದೆಲ್ಲ ದಂಡ.

ಕಾರ್ಖಾನೆಯ ರೈಫಲ್ಲಿನ ಆಕ್ಷನ್ ನೆಟ್ಟಗೆ ಮಾಡುವವರದೂ ಇದೇ ದಾರಿ. ಬೋಲ್ಟ್ ಓಡಾಡುವ ತೂತಿಗೆ ಮ್ಯಾಂಡ್ರಿಲ್ ಕೊಟ್ಟು, ನಳಿಕೆ ಬಂದು ಕೂರುವ ಮುಖವನ್ನು ಅದಕ್ಕೆ ಲಂಬಕೋನಕ್ಕೆ ತರುತ್ತಾರೆ. ಹಳೇ ಬಂದೂಕು ತಂದು "ಇದನ್ನಷ್ಟು ನೋಡ್ರಿ" ಅಂದವರೂ ಇದ್ದಾರೆ. ಆಯುಧ ಒಪ್ಪಿಸುವುದಿಲ್ಲವೆಂದು ಹಲಗಲಿಯ ಬೇಡರು 1857ರಲ್ಲಿ ತಿರುಗಿಬಿದ್ದ ಸೀಮೆಯ ಪಕ್ಕದವರು ನಾವು, ಆ ಹೆಮ್ಮೆ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ರಿಪೇರಿಗೂ ಲೈಸೆನ್ಸ್ ಬೇಕು. ನನ್ನ ಹತ್ತಿರ ಅದಿಲ್ಲ, ಹಾಗೇ ವಾಪಸ್ ಕಳಿಸುತ್ತೇನೆ.

ಪುಲ್ಲಿಗಿಂತ ಸೂಕ್ಷ್ಮದ ಕೆಲಸ ಬೇರಿಂಗ್ ಕೂರುವ ಜಾಗದ್ದು. 6205 ಬೇರಿಂಗಿನ ತೂತು 25 ಎಂಎಂ. ಅದಕ್ಕೆ ಬಿಗಿಯಾಗಿ ಕೂರಬೇಕಾದರೆ ಶಾಫ್ಟ್ 25.002ರಿಂದ 25.015ರೊಳಗೆ ಇರಬೇಕು. ಬ್ಯಾಸಗಿಯಲ್ಲಿ ತಗಡಿನ ಕೆಳಗೆ ಟೂಲು ಓಡಿದ ಬಿಸಿಗೆ ಶಾಫ್ಟ್ 40 ಡಿಗ್ರಿ ಏರಿತೆಂದರೆ 0.01 ಎಂಎಂ ಹಿಗ್ಗಿರುತ್ತದೆ. ಆಗ ಮೈಕ್ರೋಮೀಟರ್ ಹಚ್ಚಿ ಸರಿಯಾಯಿತು ಅಂದುಕೊಂಡರೆ ಆರಿದ ಮೇಲೆ ಬೇರಿಂಗ್ ಕೈಯಿಂದಲೇ ಜಾರಿ ಒಳಗೆ ಹೋಗುತ್ತದೆ. ಹಾಗಾಗಿ ಕೊನೆಯ ಕಟ್‌ಗೆ ಮುಂಚೆ ಮಷಿನ್ ಬಂದ್ ಮಾಡಿ ಚಹಾಕ್ಕೆ ಹೋಗುತ್ತೇನೆ. ಗಿರಾಕಿಗೆ ಸಿಟ್ಟು: ಬೀಸಿಸಲು ಬಂದವರು ಬುಟ್ಟಿ ಹೊತ್ತು ಗಿರಣಿ ಮುಂದೆ ನಿಂತಿದ್ದಾರೆ, ಮಿಸ್ತ್ರಿ ಚಹಾ ಕುಡಿಯುತ್ತಾನೆ. ಗಿರಾಕಿಗೂ ಒಂದು ಕಪ್ ಹೇಳುತ್ತೇನೆ.